ಕಾಲಿಲ್ಲದ ನಾಲ್ಕು ಕಾಲಿನವರು

ನಿಮ್ಮ ಮನೆಯ ಟೀಪಾಯಿಗೆ ಎಷ್ಟು ಕಾಲು? ಒಮ್ಮೆ ಎಣಿಸಿ ನೋಡಿ. ನಮ್ಮ ಮನೆಯದಕ್ಕೆ ನಾಲ್ಕು. ನಿಮ್ಮದಕ್ಕೂ ಬಹುಶಃ ನಾಲ್ಕೇ. ಆದರೆ ಈ ಹೆಸರಿಗೂ ನಾವು ಕುಡಿಯುವ ಟೀಗೂ ಹುಟ್ಟಿನಲ್ಲಿ ಯಾವ ನಂಟೂ ಇಲ್ಲ. ಹಿಂದಿಯ 'ತಿಪಾಯಿ' ಇಂಗ್ಲಿಷರ ಬಾಯಲ್ಲಿ ಟೀಪಾಯಿ ಆಯಿತು. 'ತಿ' ಎಂದರೆ ಮೂರು, 'ಪಾಯಿ' ಎಂದರೆ ಕಾಲು; ಮೂರು ಕಾಲಿನ ಪುಟ್ಟ ಮೇಜು. ಬಡಗಿ ನಾಲ್ಕನೇ ಕಾಲು ಜೋಡಿಸಿದ ಮೇಲೂ ಹೆಸರು ಮೂರರಲ್ಲೇ ನಿಂತಿದೆ. ಯಾರೂ ತಕರಾರು ತೆಗೆದಿಲ್ಲ.

ಪ್ರಾಣಿಲೋಕದಲ್ಲೂ ಇಂಥದೇ ಒಂದು ಹೆಸರಿದೆ: ಟೆಟ್ರಾಪಾಡ್. ಕನ್ನಡದಲ್ಲಿ ಚತುಷ್ಪಾದಿ. ಎಂಟನೇ ತರಗತಿಯ ನನ್ನ ಮೊಮ್ಮಗಳು ರಜೆಗೆ ತಿತಿಮತಿಗೆ ಬಂದಾಗ ತಂದಿದ್ದ ಪುಸ್ತಕದಲ್ಲಿ ಆ ತಲೆಬರಹದ ಕೆಳಗೆ ಒಂದು ಚಿತ್ರಪಟವಿತ್ತು. ಕಪ್ಪೆ, ಮೊಸಳೆ, ಹಾವು, ಗಿಡುಗ, ತಿಮಿಂಗಿಲ, ಆನೆ, ಕೊನೆಗೆ ಒಬ್ಬ ಮನುಷ್ಯ.

"ಅಜ್ಜಾ, ಇದು ಅಚ್ಚಿನ ತಪ್ಪೇ ಇರಬೇಕು. ಹಾವಿಗೆ ಕಾಲೇ ಇಲ್ಲ, ತಿಮಿಂಗಿಲಕ್ಕೂ ಇಲ್ಲ. ಗಿಡುಗನಿಗೆ ಎರಡು, ನಮಗೆ ಎರಡು. ಏಳರಲ್ಲಿ ನಾಲ್ಕು ಕಾಲಿರುವುದು ಮೂರಕ್ಕೆ ಮಾತ್ರ!"

ಲೆಕ್ಕ ಸರಿಯಾಗಿಯೇ ಇತ್ತು. ನಾನು ಬಿ.ಕಾಂ. ಓದಿದವನು, ಜೀವಶಾಸ್ತ್ರದ ಸಹವಾಸ ಹೈಸ್ಕೂಲಿಗೇ ಮುಗಿದಿತ್ತು. ಆದರೆ ಬ್ಯಾಂಕಿನಲ್ಲಿ ಲೆಡ್ಜರ್ ಬರೆದು ಬರೆದು, ಮೊತ್ತ ಹೊಂದದಿದ್ದರೆ ಊಟ ಸೇರದ ಅಭ್ಯಾಸ ಇನ್ನೂ ಬಿಟ್ಟಿಲ್ಲ. ಹಾಗಾಗಿ ಸಿಕ್ಕಿದ್ದನ್ನೆಲ್ಲ ಓದಿದೆ. ಓದಿ ತಿಳಿದದ್ದನ್ನು ಅವಳಿಗೆ ಹೇಳಿದ ಹಾಗೆಯೇ ನಿಮಗೂ ಹೇಳುತ್ತೇನೆ.

ಮೊದಲು ಹೆಸರನ್ನೇ ಬಿಡಿಸೋಣ. ಗ್ರೀಕ್ ಭಾಷೆಯಲ್ಲಿ 'ಟೆಟ್ರಾ' ಎಂದರೆ ನಾಲ್ಕು, 'ಪೊಡ್' ಎಂದರೆ ಕಾಲು. ಸಂಸ್ಕೃತದ 'ಚತುರ್' ಮತ್ತು 'ಪಾದ' ಇವಕ್ಕೆ ದೂರದವಲ್ಲ, ಒಂದೇ ಮೂಲದಿಂದ ಕವಲೊಡೆದ ಅಕ್ಕತಂಗಿಯರು. ಸೈಕಲ್ಲಿನ ಪೆಡಲ್, ಪಾಯಿಜಾಮದ 'ಪಾಯಿ', ಕ್ಯಾಮೆರಾ ನಿಲ್ಲಿಸುವ ಟ್ರೈಪಾಡ್, ಎಂಟು ತೋಳಿನ ಆಕ್ಟೋಪಸ್, ಎಲ್ಲದರಲ್ಲೂ ಆ ಹಳೆಯ ಪಾದದ ಗುರುತಿದೆ. ನಮ್ಮ 'ನಾಲ್ಕು' ಮತ್ತು 'ಕಾಲು' ಮಾತ್ರ ಬೇರೆ ಮನೆತನದವು. ತಮಿಳು, ಮಲಯಾಳ, ಕೊಡವ ತಕ್ಕಿನ ಕಡೆಯ ನೆಂಟರು. ಆದರೂ ಕನ್ನಡಿಗರಿಗೆ ಈ 'ಪದಿ'ಗಳ ಲೆಕ್ಕ ಹೊಸತಲ್ಲ. ಸರ್ವಜ್ಞನ ತ್ರಿಪದಿಗೆ ಮೂರು ಪಾದ, ಕುಮಾರವ್ಯಾಸನ ಭಾಮಿನಿ ಷಟ್ಪದಿಗೆ ಆರು. 'ಷಟ್ಪದ' ಎಂದರೆ ದುಂಬಿ ಎಂಬ ಅರ್ಥವೂ ಇದೆ, ಅದಕ್ಕೂ ಆರು ಕಾಲು.

ಮುಂಬಯಿಯ ಮರೀನ್ ಡ್ರೈವ್ ನೋಡಿದವರಿಗೆ ಇನ್ನೊಂದು ಟೆಟ್ರಾಪಾಡ್ ಗೊತ್ತಿರುತ್ತದೆ. ಅಲೆಗಳ ಹೊಡೆತ ತಡೆಯಲು ದಡದಲ್ಲಿ ರಾಶಿ ಹಾಕಿರುವ ನಾಲ್ಕು ಕೊಂಬಿನ ಕಾಂಕ್ರೀಟ್ ದಿಮ್ಮಿಗಳಿಗೂ ಅದೇ ಹೆಸರು. 1950ರಲ್ಲಿ ಫ್ರಾನ್ಸಿನ ಗ್ರೆನೋಬಲ್ ನಗರದ ಒಂದು ಪ್ರಯೋಗಾಲಯದಲ್ಲಿ ಅವು ರೂಪುಗೊಂಡವು. ಹೇಗೆ ಬಿಸಾಡಿದರೂ ಮೂರು ಕಾಲಿನ ಮೇಲೆ ನಿಂತು ನಾಲ್ಕನೆಯದನ್ನು ಮೇಲೆತ್ತುತ್ತವೆ. ಕಾಲು ಎಣಿಸಿ ಇಟ್ಟ ಹೆಸರು ಎಂದರೆ ಅದು.

ಪ್ರಾಣಿಗಳ ಟೆಟ್ರಾಪಾಡ್ ಹಾಗಲ್ಲ. ನಾಲ್ಕು ಕಾಲೂರಿ ನಡೆಯುವ ಹಸು, ಕುದುರೆ, ನಾಯಿಗಳಿಗೆ ಇಂಗ್ಲಿಷಿನಲ್ಲಿ ಬೇರೆಯೇ ಪದವಿದೆ: ಕ್ವಾಡ್ರುಪೆಡ್. ಅದು ಲ್ಯಾಟಿನ್ ಮೂಲದ್ದು. ಅರ್ಥ ಮಾತ್ರ ಅದೇ ನಾಲ್ಕು ಕಾಲು. ಸ್ವೀಡನ್ನಿನ ಲಿನೀಯಸ್ ಎಂಬ ಮಹನೀಯ 1735ರಲ್ಲಿ ಜೀವಿಗಳ ದೊಡ್ಡ ಪಟ್ಟಿ ಮಾಡಿದಾಗ ಒಂದು ಗುಂಪಿಗೆ ಆ ಹೆಸರನ್ನೇ ಇಟ್ಟಿದ್ದ. ಹಾಗೆ ಇಟ್ಟರೆ ಹಾಲೂಡಿಸುವ ತಿಮಿಂಗಿಲ ಹೊರಗುಳಿಯುತ್ತದೆ. 1758ರ ಆವೃತ್ತಿಯಲ್ಲಿ ಅದನ್ನು ಬಿಟ್ಟು 'ಸಸ್ತನಿ' ಎಂಬ ಅರ್ಥದ ಹೆಸರು ತಂದ, ತಿಮಿಂಗಿಲವನ್ನೂ ಒಳಗೆ ಸೇರಿಸಿಕೊಂಡ. ಕಾಲು ಎಣಿಸಿ ಪ್ರಾಣಿಗಳನ್ನು ವಿಂಗಡಿಸಲು ಹೊರಟರೆ ಆಗುವ ಫಜೀತಿ ಇದು.

ಬೇಕಾದರೆ ನೀವೇ ಪರೀಕ್ಷಿಸಿ. ಮಳೆ ನಿಂತ ಮೇಲೆ ಹೂವಿನ ಮೇಲೆ ಕೂರುವ ಚಿಟ್ಟೆಗಳಲ್ಲಿ ಕೆಲವು ನಾಲ್ಕೇ ಕಾಲಲ್ಲಿ ನಿಂತಿರುತ್ತವೆ. ಮುಂದಿನ ಎರಡು ಕಾಲು ಪುಟ್ಟ ಕುಂಚದಂತೆ ಎದೆಗೆ ಮಡಚಿಕೊಂಡಿರುತ್ತವೆ. ನಾಲ್ಕು ಕಾಲು ಕಂಡರೂ ಅದು ಟೆಟ್ರಾಪಾಡ್ ಅಲ್ಲ, ಕೀಟವೇ. ಅದಕ್ಕೆ ಬೆನ್ನುಮೂಳೆ ಎಲ್ಲಿದೆ? ಇತ್ತ ಒಂದೂ ಕಾಲಿಲ್ಲದ ಹೆಬ್ಬಾವು ಮಾತ್ರ ಪಕ್ಕಾ ಟೆಟ್ರಾಪಾಡ್.

ಇದನ್ನು ಮೊಮ್ಮಗಳಿಗೆ ಹೇಗೆ ಬಿಡಿಸಿ ಹೇಳುವುದೆಂದು ಯೋಚಿಸುತ್ತಿದ್ದಾಗ ನೆರವಿಗೆ ಬಂದದ್ದು ನಮ್ಮ ಕೊಡಗಿನ ಹಾಕಿ. 1997ರಲ್ಲಿ ಕರಡ ಗ್ರಾಮದಲ್ಲಿ ಪಾಂಡಂಡ ಕುಟ್ಟಪ್ಪನವರು ಶುರು ಮಾಡಿದ ಕೊಡವ ಕುಟುಂಬಗಳ ಹಾಕಿ ಹಬ್ಬ ಎಲ್ಲರಿಗೂ ಗೊತ್ತು. ಅಲ್ಲಿ ಒಂದು ತಂಡವೆಂದರೆ ಒಂದು ಒಕ್ಕ, ಅಂದರೆ ಒಬ್ಬ ಮೂಲಪುರುಷನಿಂದ ಬಂದ ಮನೆತನ. ಆಡುವವರಲ್ಲಿ ಒಬ್ಬ ಸೈನ್ಯದಲ್ಲಿರುತ್ತಾನೆ, ಒಬ್ಬ ಬೆಂಗಳೂರಿನಲ್ಲಿ ಕಂಪ್ಯೂಟರ್ ಮುಂದೆ ಕೂರುವವನು, ಇನ್ನೊಬ್ಬ ತೋಟ ನೋಡಿಕೊಳ್ಳುವವನು. ಎತ್ತರ ಬೇರೆ, ಕೆಲಸ ಬೇರೆ, ಊರು ಬೇರೆ. ಆದರೂ ಒಂದೇ ತಂಡ. ಐನ್‌ಮನೆ ಬಿಟ್ಟು ಪರದೇಶಕ್ಕೆ ಹೋದನೆಂದು ಯಾರೂ ಒಕ್ಕದಿಂದ ಹೆಸರು ಹೊಡೆಯುವುದಿಲ್ಲ.

ಟೆಟ್ರಾಪಾಡ್ ಎನ್ನುವುದೂ ಒಂದು ಒಕ್ಕದ ಹೆಸರು. ಈ ಒಕ್ಕದ ಮೂಲಪುರುಷನಿಗೆ, ಕೊಡವರ ಮಾತಿನಲ್ಲಿ ಹೇಳುವುದಾದರೆ ಗುರುಕಾರೋಣನಿಗೆ, ನಾಲ್ಕು ಕೈಕಾಲಿದ್ದವು. ಅವನ ಸಂತತಿಯವರೆಲ್ಲ ಚತುಷ್ಪಾದಿಗಳು. ಕೆಲವರು ಎರಡು ಕಾಲನ್ನು ರೆಕ್ಕೆ ಮಾಡಿಕೊಂಡರು, ಕೆಲವರು ಈಜುಗೈ ಮಾಡಿಕೊಂಡರು, ಕೆಲವರು ಪೂರಾ ಕಳೆದುಕೊಂಡರು. ಹೆಸರು ಎಲ್ಲರಿಗೂ ಉಳಿಯಿತು. ಕಪ್ಪೆಯ ಬಳಗದ ಉಭಯವಾಸಿಗಳು, ಸರೀಸೃಪಗಳು, ಹಕ್ಕಿಗಳು, ಸಸ್ತನಿಗಳು, ಎಲ್ಲ ಸೇರಿ ಇಂದು 30,000ಕ್ಕೂ ಹೆಚ್ಚು ಪ್ರಭೇದಗಳಿವೆ. ದೊಡ್ಡ ಒಕ್ಕವೇ.

ನಂಟಿಗೆ ಪುರಾವೆ ಏನು ಎಂದು ಕೇಳಬೇಕು. ಪುರಾವೆ ನಿಮ್ಮ ತೋಳಿನಲ್ಲೇ ಇದೆ. ಭುಜದಿಂದ ಮೊಣಕೈವರೆಗೆ ಮುಟ್ಟಿ ನೋಡಿ, ಒಂದೇ ಮೂಳೆ. ಮೊಣಕೈಯಿಂದ ಮಣಿಕಟ್ಟಿನವರೆಗೆ ಎರಡು. ಮಣಿಕಟ್ಟಿನಲ್ಲಿ ಎಂಟು ಸಣ್ಣ ತುಂಡುಗಳು, ಅಂಗೈಯಲ್ಲಿ ಐದು, ಬೆರಳುಗಳಲ್ಲಿ ಹದಿನಾಲ್ಕು. ಒಟ್ಟು ಮೂವತ್ತು. ಮೊದಲು ಒಂದು, ಆಮೇಲೆ ಎರಡು, ಆಮೇಲೆ ಹಲವು, ಕೊನೆಗೆ ಬೆರಳು: ಈ ಕ್ರಮವನ್ನು ನೆನಪಿಡಿ. ಮಾಂಸದಡುಗೆ ಮಾಡುವ ಮನೆಯ ಮಕ್ಕಳು ಮುಂದಿನ ಭಾನುವಾರ ಕೋಳಿಯ ರೆಕ್ಕೆ ತಟ್ಟೆಗೆ ಬಂದಾಗ ತಿನ್ನುವ ಮೊದಲು ನೋಡಲಿ. ಅಲ್ಲೂ ಒಂದು, ಆಮೇಲೆ ಎರಡು. ತುದಿಯ ಬೆರಳುಗಳು ಮಾತ್ರ ಬೆಸೆದುಕೊಂಡು ಕಿರಿದಾಗಿವೆ. ಬಾವಲಿಯ ರೆಕ್ಕೆಯಲ್ಲಿ ಅದೇ ಬೆರಳುಗಳು ಕೊಡೆಯ ಕಡ್ಡಿಗಳಂತೆ ಉದ್ದವಾಗಿವೆ. ತಿಮಿಂಗಿಲದ ಈಜುಗೈ ಒಳಗೂ ಇದೇ ಕ್ರಮ. 1859ರಲ್ಲಿ ಡಾರ್ವಿನ್ ತನ್ನ ಪ್ರಸಿದ್ಧ ಪುಸ್ತಕದಲ್ಲಿ ಇದನ್ನೇ ಎತ್ತಿ ತೋರಿಸಿದ. ಅಗೆಯಲು, ಓಡಲು, ಹಾರಲು, ಈಜಲು ಬೇರೆ ಬೇರೆ ಸಲಕರಣೆ ಬೇಕಾದಲ್ಲಿ ಒಂದೇ ನಕ್ಷೆ ಏಕೆ? ಒಬ್ಬರಿಂದಲೇ ಬಂದ ಆಸ್ತಿಯಾದ್ದರಿಂದ.

ನಮ್ಮಲ್ಲಿ ಹಾರುವ ಓತಿಯೂ ಇದೆ. ತೇಜಸ್ವಿಯವರ 'ಕರ್ವಾಲೊ' ಓದಿದ ಅಜ್ಜ-ಅಜ್ಜಿಯರು ಮೊಮ್ಮಕ್ಕಳಿಗೆ ಆ ಕಥೆ ಹೇಳಿ. ಅದರ ರೆಕ್ಕೆ ಕೈಯಿಂದ ಆದದ್ದಲ್ಲ. ಪಕ್ಕೆಲುಬುಗಳು ಹೊರಚಾಚಿ, ಅವುಗಳ ನಡುವೆ ಚರ್ಮ ಹರಡಿಕೊಂಡದ್ದು. ನಾಲ್ಕು ಕಾಲೂ ಹಾಗೆಯೇ ಇವೆ.

ಗುರುಕಾರೋಣನ ಸುದ್ದಿಗೆ ಬರೋಣ. ಸಂತೆಯಲ್ಲಿ ಮತ್ತಿ ಮೀನನ್ನು ಗಮನಿಸಿ. ಕಿವಿರಿನ ಹಿಂದೆ ಒಂದು ಜೊತೆ ಈಜುರೆಕ್ಕೆ, ಹೊಟ್ಟೆಯಡಿ ಇನ್ನೊಂದು ಜೊತೆ. ಎರಡೆರಡಲ ನಾಲ್ಕು. ನಮ್ಮ ಕೈಕಾಲು ಆರೋ ಎಂಟೋ ಆಗದೆ ನಾಲ್ಕೇ ಆದದ್ದು ಅದರಿಂದ. ಆದರೆ ಮತ್ತಿಯ ರೆಕ್ಕೆ ಬರೀ ಕಡ್ಡಿಗಳ ಬೀಸಣಿಗೆ. ನಮ್ಮ ಪೂರ್ವಿಕ ಮೀನುಗಳ ರೆಕ್ಕೆಯ ಬುಡದಲ್ಲಿ ಮಾಂಸವೂ ಗಟ್ಟಿ ಮೂಳೆಯೂ ಇದ್ದವು.

2004ರಲ್ಲಿ ಕೆನಡಾದ ಉತ್ತರ ತುದಿಯ ಎಲ್ಸ್‌ಮಿಯರ್ ದ್ವೀಪದಲ್ಲಿ ನೀಲ್ ಶುಬಿನ್, ಟೆಡ್ ಡೇಶ್ಲರ್, ಫಾರಿಶ್ ಜೆಂಕಿನ್ಸ್ ಮತ್ತು ಸಂಗಡಿಗರಿಗೆ ಅಂಥದ್ದರ ಪಳೆಯುಳಿಕೆ ಸಿಕ್ಕಿತು. ಸುಮಾರು 37.5 ಕೋಟಿ ವರ್ಷ ಹಳೆಯದು. ಹುರುಪೆ, ಕಿವಿರು, ಈಜುರೆಕ್ಕೆ ಇರುವುದರಿಂದ ಮೀನು. ಆದರೆ ಮೊಸಳೆಯಂತೆ ಚಪ್ಪಟೆ ತಲೆ, ಮೀನಿಗಿರದ ಕತ್ತು, ಆ ರೆಕ್ಕೆಯೊಳಗೆ ಭುಜ, ಮೊಣಕೈ, ಮಣಿಕಟ್ಟಿನ ಮೂಳೆಗಳು! ಅದಕ್ಕೊಂದು ಹೆಸರು ಕೊಡಿ ಎಂದು ವಿಜ್ಞಾನಿಗಳು ಆ ನಾಡಿನ ಇನ್ಯುಟ್ ಜನರ ಹಿರಿಯರನ್ನು ಕೇಳಿದರು. ಅವರು ಕೊಟ್ಟ ಹೆಸರು 'ಟಿಕ್ಟಾಲಿಕ್', ಸಿಹಿನೀರಿನ ದೊಡ್ಡ ಮೀನು ಎಂದು ಅರ್ಥ. ಗ್ರೀಕ್ ನಿಘಂಟು ತೆಗೆಯದೆ ಊರಿನ ಅಜ್ಜಂದಿರನ್ನು ಕೇಳಿದ್ದು ನನಗೆ ಬಹಳ ಹಿಡಿಸಿತು. ಟಿಕ್ಟಾಲಿಕ್ಕೇ ನೇರ ಮೂಲಪುರುಷ ಎಂದು ಯಾರೂ ಹೇಳುವುದಿಲ್ಲ. ಅವನ ದಾಯಾದಿ ಇರಬಹುದು.

ಅದಕ್ಕಿಂತ ಸ್ವಲ್ಪ ಈಚಿನ ಅಕಾಂತೊಸ್ಟೆಗ ಎಂಬುದು ಗ್ರೀನ್‌ಲ್ಯಾಂಡಿನಲ್ಲಿ ಸಿಕ್ಕಿದೆ. ಅದಕ್ಕೆ ರೆಕ್ಕೆಯ ಬದಲು ಬೆರಳಿರುವ ಕೈ. ಎಷ್ಟು ಬೆರಳು ಗೊತ್ತೆ? ಎಂಟು! 1990ರಲ್ಲಿ ಇದು ಪ್ರಕಟವಾಗುವವರೆಗೆ ಕೈ ಎಂದರೆ ಮೊದಲಿನಿಂದಲೂ ಐದೇ ಬೆರಳು ಎಂದು ಎಲ್ಲರೂ ನಂಬಿದ್ದರು. ಐದು ಎಂಬುದು ಆಮೇಲೆ ಗಟ್ಟಿಯಾದ ಲೆಕ್ಕ. ಎಂಟೇ ಉಳಿದಿದ್ದರೆ ಎರಡು ಕೈಗೆ ಹದಿನಾರು ಬೆರಳು. ರೂಪಾಯಿಗೆ ಹದಿನಾರಾಣೆ ಎಣಿಸಿದ ನನ್ನ ತಲೆಮಾರಿನವರಿಗೆ ಅದು ಹೇಳಿ ಮಾಡಿಸಿದಂತಿರುತ್ತಿತ್ತು.

ನಾಲ್ಕು ಕಾಲಿನ ವೈಭವ ನೋಡಬೇಕೆಂದರೆ ನಮ್ಮೂರಿಗೆ ಬನ್ನಿ. ಹುಣಸೂರಿನ ರಸ್ತೆಯಲ್ಲಿ ಮತ್ತಿಗೋಡು ಆನೆ ಶಿಬಿರವಿದೆ. 2020ರಿಂದ ಮೈಸೂರು ದಸರೆಯಲ್ಲಿ 750 ಕಿಲೋ ತೂಕದ ಚಿನ್ನದ ಅಂಬಾರಿ ಹೊತ್ತ ಅಭಿಮನ್ಯು ಈ ಶಿಬಿರದವನೇ. ಆನೆಯ ಪಾದ ಕಂಬದ ಬುಡದಂತೆ ಕಂಡರೂ ಒಳಗೆ ಮೂಳೆಗಳು ತುದಿಗಾಲಲ್ಲಿ ನಿಂತಿವೆ. ಹಿಮ್ಮಡಿಯ ಕೆಳಗೆ ಕೊಬ್ಬಿನ ದಪ್ಪ ದಿಂಬು. ಆ ದಿಂಬಿನೊಳಗೆ ಆರನೇ ಬೆರಳಿನಂತೆ ಊರುಗೋಲಾಗಿ ನಿಂತ ಒಂದು ಮೂಳೆಯೂ ಇದೆ ಎಂದು ಜಾನ್ ಹಚಿನ್ಸನ್ ಮತ್ತು ಸಂಗಡಿಗರು 2011ರಲ್ಲಿ ತೋರಿಸಿದರು. ಮೊಮ್ಮಗಳಿಗೆ ಅಲ್ಲಿ ಇನ್ನೊಂದು ಸಂಶಯ ಬಂತು. ಆನೆಗೆ ಸಂಸ್ಕೃತದಲ್ಲಿ 'ಹಸ್ತಿ' ಎನ್ನುತ್ತಾರೆ, ಹಸ್ತವುಳ್ಳದ್ದು ಎಂದು. 'ಕರಿ' ಎಂದರೂ ಅದೇ. ಸೊಂಡಿಲೂ ಸೇರಿದರೆ ಐದಾಗುವುದಿಲ್ಲವೇ? ಆಗುವುದಿಲ್ಲ. ಸೊಂಡಿಲಿನಲ್ಲಿ ಒಂದೂ ಮೂಳೆಯಿಲ್ಲ. ಅದು ಮೂಗು ಮತ್ತು ಮೇಲ್ದುಟಿ ಸೇರಿ ಬೆಳೆದದ್ದು.

ಕಾಲು ಕಳೆದುಕೊಂಡವರ ಕಥೆ ಇದಕ್ಕಿಂತ ಸ್ವಾರಸ್ಯ. ಹಾವನ್ನು 'ಉರಗ' ಎನ್ನುತ್ತೇವೆ, ಎದೆಯಿಂದ ಚಲಿಸುವುದು. ಆದರೆ ನಾಗರಹೊಳೆ ಕಾಡಿನ ಹೆಬ್ಬಾವಿನ ಬಾಲದ ಬುಡದಲ್ಲಿ, ಅಕ್ಕಪಕ್ಕ, ಎರಡು ಪುಟ್ಟ ಉಗುರುಗಳಿವೆ. ಒಳಗೆ ತೊಡೆಮೂಳೆಯ ಚೂರೂ ಇದೆ. ಬ್ಯಾಂಕಿನ ಭಾಷೆಯಲ್ಲಿ ಹೇಳಿದರೆ, ವಹಿವಾಟು ನಿಂತ ಹಳೆಯ ಖಾತೆಯಲ್ಲಿ ಉಳಿದ ಚಿಲ್ಲರೆ ಶಿಲ್ಕು. ಹಿತ್ತಲಲ್ಲಿ ಹೊಳೆಯುತ್ತ ಸರಿದು ಹೋಗುವ ಹಾವುರಾಣಿಯ ಪುಟ್ಟ ಕಾಲುಗಳನ್ನು ನೋಡಿದರೆ, ಕಾಲು ಹೇಗೆ ಕಿರಿದಾಗುತ್ತ ಹೋಗಬಹುದೆಂಬ ಅಂದಾಜೂ ಸಿಗುತ್ತದೆ.

ತಿಮಿಂಗಿಲದ ದೇಹದೊಳಗೂ ಹಿಂಗಾಲಿನ ಮೂಳೆಯ ತುಣುಕುಗಳಿವೆ. ಅದರ ಭೂವಾಸಿ ನೆಂಟ ಸಿಕ್ಕಿದ್ದು ನಮ್ಮ ದೇಶದಲ್ಲೇ. ಎ. ರಂಗರಾವ್ ಎಂಬ ಭೂವಿಜ್ಞಾನಿ ಜಮ್ಮು-ಕಾಶ್ಮೀರದ ಕಾಲಾಕೋಟ್ ಕಡೆಯಿಂದ ಪಳೆಯುಳಿಕೆಯ ಕಲ್ಲುಗಳನ್ನು ತಂದಿಟ್ಟಿದ್ದರು. ಅವರು ತೀರಿಕೊಂಡ ಮೇಲೆ ಅವರ ಪತ್ನಿ ಅವನ್ನು ಹಾನ್ಸ್ ಥೀವಿಸನ್ ಎಂಬ ವಿಜ್ಞಾನಿಗೆ ಕೊಟ್ಟರು. ಆ ಕಲ್ಲಿನೊಳಗಿನ ತಲೆಬುರುಡೆಯಲ್ಲಿ ತಿಮಿಂಗಿಲಕ್ಕಿರುವಂಥ ಕಿವಿಯ ಮೂಳೆ ಸಿಕ್ಕಿತು. ಆ ಸಂಗತಿ ಪ್ರಕಟವಾದದ್ದು 2007ರಲ್ಲಿ, ಆ ಪ್ರಾಣಿಯ ಹೆಸರು ಇಂಡೊಹಯಸ್. ಗಾತ್ರದಲ್ಲಿ ನಮ್ಮ ಕಾಡಿನ ಬರ್ಕದಷ್ಟು, ಬೆಕ್ಕಿಗಿಂತ ತುಸು ದೊಡ್ಡದು, ಸಣಕಲು ನಾಲ್ಕು ಕಾಲು.

ಅದೇ 2007ರಲ್ಲಿ ಕೊಡಗಿನ ಹೆಸರು ಹೊತ್ತ ಒಂದು ಚತುಷ್ಪಾದಿಯೂ ವಿಜ್ಞಾನದ ಪಟ್ಟಿಗೆ ಸೇರಿತು. ನಾನು ಇಷ್ಟೆಲ್ಲ ಬರೆಯಲು ಹೊರಟದ್ದೇ ಅದಕ್ಕಾಗಿ. ಇಕ್ತಿಯೋಫಿಸ್ ಕೊಡಗುಯೆನ್ಸಿಸ್. ಮಾರ್ಕ್ ವಿಲ್ಕಿನ್ಸನ್, ಡೇವಿಡ್ ಗೋವರ್ ಅವರೊಂದಿಗೆ ಗೋವಿಂದಪ್ಪ ಮತ್ತು ವೆಂಕಟಾಚಲಯ್ಯ ಎಂಬ ನಮ್ಮವರು ಸೇರಿ ವಿವರಿಸಿದ ಜೀವಿ. ಸಿಸೀಲಿಯನ್ ಎಂಬ ಬಳಗದ್ದು. ಕಾಲಿಲ್ಲ, ಮೈತುಂಬ ಎರೆಹುಳುವಿನಂತೆ ಉಂಗುರಗಳು, ಎರಡೂ ಪಕ್ಕದಲ್ಲಿ ಹಳದಿ ಪಟ್ಟೆ. 'ಇಕ್ತಿಯೋಫಿಸ್' ಎಂದರೆ ಗ್ರೀಕಿನಲ್ಲಿ 'ಮೀನು-ಹಾವು'. ಅದು ಮೀನೂ ಅಲ್ಲ, ಹಾವೂ ಅಲ್ಲ. ಕಪ್ಪೆಯ ನೆಂಟ, ಉಭಯವಾಸಿ.

ಕಾಲಿತ್ತು ಎನ್ನಲು ಇದಕ್ಕೂ ದಾಖಲೆಯುಂಟು. ಅಮೆರಿಕದ ಅರಿಜೋನಾದಲ್ಲಿ ಸಿಕ್ಕ ಬಹು ಹಳೆಯ ಸಿಸೀಲಿಯನ್ ಒಂದಕ್ಕೆ ಪುಟಾಣಿ ಕಾಲುಗಳಿದ್ದವು. 1993ರಲ್ಲಿ ಅದಕ್ಕೆ ಹೆಸರಿಟ್ಟವರಲ್ಲಿ ಒಬ್ಬರು, ಮುಂದೆ ಟಿಕ್ಟಾಲಿಕ್ ಹುಡುಕಿದ ಅದೇ ಜೆಂಕಿನ್ಸ್. ಹೆಸರು ಇಯೋಸಿಸೀಲಿಯ ಮೈಕ್ರೊಪೋಡಿಯ. 'ಮೈಕ್ರೊ' ಪುಟ್ಟದು, 'ಪೋಡಿಯ' ಯಾವುದೆಂದು ಈಗ ನಿಮಗೇ ಗೊತ್ತು.

ನಮ್ಮ ಕಡೆ ಈ ಬಳಗದವು ಇರುವುದು ಒದ್ದೆ ಮಣ್ಣಿನಲ್ಲಿ, ತೋಟದ ತರಗೆಲೆಯಡಿ, ಗೊಬ್ಬರದ ಗುಂಡಿಯಲ್ಲಿ. ಎರೆಹುಳು, ಗೆದ್ದಲು ತಿಂದುಕೊಂಡು ಬದುಕುತ್ತವೆ. ಇಕ್ತಿಯೋಫಿಸ್ ತಾಯಿ ಮೊಟ್ಟೆಗಳನ್ನು ಮಣ್ಣೊಳಗೆ ಇಟ್ಟು, ಅವುಗಳ ಸುತ್ತ ತಾನೇ ಸಿಂಬೆಯಾಗಿ ಸುತ್ತಿಕೊಂಡು ಕಾಯುತ್ತದೆ. ಮರಿಗಳು ಹೊರಬಂದು ನೀರು ಸೇರುತ್ತವೆ. ಎರಡು ವರ್ಷದ ಹಿಂದಿನ ಜುಲೈಯಲ್ಲಿ ಪಕ್ಕದ ತೋಟದವರು ಗೊಬ್ಬರ ತೋಡುತ್ತಿದ್ದಾಗ ನಾನು ಬೇಲಿಯ ಬಳಿ ನಿಂತಿದ್ದೆ. "ಹಾವು, ಹಾವು" ಎಂಬ ಕೂಗು ಕೇಳಿತು. ನಾನು ಬಾಯಿ ತೆರೆಯುವಷ್ಟರಲ್ಲಿ ಗುದ್ದಲಿ ಬಿದ್ದು ಅದು ಎರಡು ತುಂಡಾಗಿತ್ತು. ಅದು ಬಿದ್ದಿದ್ದ ಗೂಡಿನಲ್ಲಿ ಹೆಸರುಕಾಳಿಗಿಂತ ಸ್ವಲ್ಪ ದೊಡ್ಡ, ಪಾರದರ್ಶಕ ಮೊಟ್ಟೆಗಳ ಗೊಂಚಲು. ಗುದ್ದಲಿ ಹಿಡಿದವನು ಸುಮ್ಮನೆ ನಿಂತ. "ಕಪ್ಪೆ ಜಾತೀದಾ? ಯಾರೂ ಹೇಳ್ಲಿಲ್ವಲ್ಲಾ ಸಾರ್" ಎಂದ. ಅವನೇ ಆ ಮಣ್ಣನ್ನು ಮೊಟ್ಟೆ ಸಮೇತ ಎತ್ತಿ ನೆರಳಿಗೆ ಇಟ್ಟ. ತಾಯಿಯಿಲ್ಲದೆ ಅವು ಉಳಿಯಲಿಲ್ಲ. ಆದರೆ ಅದೇ ಗುಂಡಿಯ ಇನ್ನೊಂದು ಮೂಲೆಯಲ್ಲಿ ಮತ್ತೊಂದು ಸಿಕ್ಕಾಗ, ಅದನ್ನು ಗುದ್ದಲಿಯ ಮೇಲೆ ಮಣ್ಣಿನ ಜೊತೆಗೇ ಎತ್ತಿಕೊಂಡು ಹೋಗಿ ತೋಡಿನ ಬದಿಯ ತರಗೆಲೆಗೆ ಬಿಟ್ಟ. ತಲೆಯನ್ನೇ ಗುದ್ದಲಿ ಮಾಡಿಕೊಂಡು ಅದು ನೋಡುತ್ತಿದ್ದಂತೆ ಮಣ್ಣೊಳಗೆ ಇಳಿಯಿತು.

ಗುರುತಿಸುವುದು ಹೀಗೆ. ಹಾವಿನ ಮೈಮೇಲೆ ಒಣ ಹುರುಪೆ. ಇದರ ಮೈ ಒದ್ದೆ, ನುಣುಪು, ಉಂಗುರ ಉಂಗುರ. ಹಾವು ನಾಲಗೆ ಚಾಚುತ್ತದೆ, ಇದು ಚಾಚುವುದಿಲ್ಲ. ಎರೆಹುಳುವಿಗೆ ಬಾಯಿಯ ಸೀಳು ಕಾಣುವುದಿಲ್ಲ, ಇದಕ್ಕೆ ದವಡೆಯೂ ಹಲ್ಲೂ ಇವೆ. ಕಣ್ಣು ಚರ್ಮದಡಿ ಸಣ್ಣ ಚುಕ್ಕೆಯಂತೆ, ಕಣ್ಣು-ಮೂಗಿನ ನಡುವೆ ವಾಸನೆ ಹಿಡಿಯುವ ಪುಟ್ಟ ಮೀಸೆ. ನಮ್ಮನ್ನು ಬೆನ್ನಟ್ಟುವ ಪ್ರಾಣಿ ಅಲ್ಲ. ಆದರೂ ಮಕ್ಕಳೇ, ನೀವು ಕೈ ಹಾಕಬೇಡಿ. ಮಂಕು ಬೆಳಕಿನಲ್ಲಿ ಕಟ್ಟುಹಾವನ್ನೂ ಹೀಗೇ ತಿಳಿದೀರಿ. ದೊಡ್ಡವರನ್ನು ಕರೆಯಿರಿ. ದೊಡ್ಡವರು ಗುದ್ದಲಿಯಿಂದ ಮಣ್ಣು ಸಮೇತ ಎತ್ತಿ ಒದ್ದೆ ನೆರಳಿಗೆ ಬಿಡಲಿ, ಬಿಸಿಲಿಗೆ ಬೇಡ, ಚರ್ಮ ಒಣಗಿದರೆ ಅದು ಬದುಕುವುದಿಲ್ಲ.